ಮೂಲೆಯ ಪೀಪಾಯಿ

ಓಡಿಲಾನ್ ಪೀಪಾಯಿಯ ಬಿರಡೆ ಕಿತ್ತ. ಚಿಮ್ಮಿದ ಬಿಯರನ್ನು ಗ್ಲಾಸಿಗೆ ಹಿಡಿದು, ಬಿರಡೆಯನ್ನು ಮತ್ತೆ ಗುದ್ದಿ ಕೂರಿಸಿ, ಮಗಳನ್ನು ಕೇಳಲು ಬಂದಿದ್ದ ಹುಡುಗನ ಕೈಗಿಟ್ಟ. "ಕುಡಿದು ನೋಡು. ಕಳೆದ ಚಳಿಗಾಲದ ಲಾಂಬಿಕ್. ಇನ್ನೂ ಕೂಸು."

ಹುಡುಗ ಲೀವೆನ್, ಆಂಟ್‌ವರ್ಪಿನಲ್ಲಿ ವಿಮೆ ಮಾರುವವನು. ಹಿಲ್ಡೆ ಒಬ್ಬಳೇ ಮಗಳು. ಅವಳನ್ನು ಕಟ್ಟಿಕೊಂಡವನು ಈ ನೆಲಮಾಳಿಗೆಯ ಪೀಪಾಯಿಗಳನ್ನೂ ಕಟ್ಟಿಕೊಳ್ಳಬೇಕು. ಹಾಗಾಗಿ "ಅಪ್ಪ ಹೂಂ ಅಂದ್ರೆ ನಾನೂ ಹೂಂ" ಎಂದಿದ್ದಳು. ಲೀವೆನ್ ಹಿಂದಿನ ದಿನವೆಲ್ಲ ಫೋನು ಹಿಡಿದು ಕೂತು, ವರ್ಷಗಟ್ಟಲೆ ಪೀಪಾಯಿಯಲ್ಲಿ ಮಾಗುವ ಲಾಂಬಿಕ್ ಎಂಬ ಈ ಹುಳಿ ಬಿಯರನ್ನು ಹೊಗಳುವುದು ಹೇಗೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ.

ನೊರೆಯಿಲ್ಲ, ಗುಳ್ಳೆಯಿಲ್ಲ, ಬರೀ ಮಡ್ಡಿ. ಅವನು ಒಂದು ಗುಟುಕು ಕುಡಿದು ಚರ್ಚಿನಲ್ಲಿ ನಿಂತವನಂತೆ ಕಣ್ಣು ಮುಚ್ಚಿದ. "ಆಹಾ! ಒಣಹುಲ್ಲು... ಹಸಿ ಸೇಬು... ಅದರ ಹಿಂದೇನೇ ಕುದುರೆ ಬೆವರು!"

"ಕುದುರೆನಾ? ನಮ್ಮಾಕೆ ಅಜ್ಜ ಹೋದ್ಮೇಲೆ ಈ ಮನೇಲಿ ಯಾರೂ ಕುದುರೆ ಕಟ್ಟಿಲ್ವಲ್ಲೋ! ಭಾರೀ ಮೂಗು ಕಣಪ್ಪ ನಿಂದು."

"ಎಲ್ಲಾ ನಿಮ್ಮ ಕೈಗುಣ, ಮಾವ."

"ಮಾವ ಇನ್ನೂ ಆಗಿಲ್ಲ. ಸದ್ಯಕ್ಕೆ ಓಡಿಲಾನ್ ಅನ್ನು, ಸಾಕು."

ಹಿಲ್ಡೆ ಅದೇ ಗ್ಲಾಸಿನಿಂದ ಒಂದು ಗುಟುಕು ಕುಡಿದಳು. "ಸಿಹಿ ಇನ್ನೂ ಹೋಗಿಲ್ಲಪ್ಪಾ. ಇನ್ನೊಂದು ಬೇಸಿಗೆ ಮಲಗಿರ್ಲಿ."

"ಹೌದೌದು, ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದ ಲೀವೆನ್. ಪಾಪ, ಅವನು ಹೇಳಬೇಕೆಂದಿದ್ದ ಮಾತು ಯಾವಾಗಲೂ ಬೇರೆಯವರು ಹೇಳಿದ ಮೇಲೆಯೇ ಅವನಿಗೆ ನೆನಪಾಗುತ್ತಿತ್ತು.

ಓಡಿಲಾನ್ ಅವನನ್ನು ಮೂಲೆಯ ಪೀಪಾಯಿಯ ಬಳಿ ಕರೆದೊಯ್ದ. "ಅಪ್ಪಾ, ಅದು ಬೇಡ" ಎಂದಳು ಹಿಲ್ಡೆ. "ನೀನು ಸುಮ್ನಿರೇ" ಎಂದು ಅವನು ಗ್ಲಾಸನ್ನು ತುಂಬಿಸಿಯೇ ಕೊಟ್ಟ. ಲೀವೆನ್ ಭಾವಿ ಮಾವನ ಮೇಲಿನ ಗೌರವದಿಂದ ಒಂದೇ ಏಟಿಗೆ ಇಳಿಸಿದ. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಗಂಟಲ ನರ ಉಬ್ಬಿತು. ಆದರೂ ನುಂಗಿದ, ನಕ್ಕ.

"ಇದು... ಇದು ರಾಜ! ಇಷ್ಟೊತ್ತು ಇದನ್ನ ಬಚ್ಚಿಟ್ಟಿದ್ರಲ್ಲ!"

"ಹಾಗಾದ್ರೆ ಎಲ್ಲಾ ಪೀಪಾಯಿದೂ ಬೆರೆಸಿ ಮಾಡೋ ಈ ವರ್ಷದ ಮಿಶ್ರಣಕ್ಕೆ ಇದನ್ನೂ ಹಾಕ್ಲಾ?"

"ಇದನ್ನ ಬಿಟ್ಟು ಇನ್ನೇನು ಹಾಕ್ತೀರಿ!"

ಓಡಿಲಾನ್ ನಿಧಾನವಾಗಿ ಕೈ ಒರೆಸಿಕೊಂಡ. "ಇದು ಕೆಟ್ಟು ವಿನೆಗರ್ ಆಗಿದೆ ಕಣಪ್ಪಾ. ನಮ್ಮಾಕೆ ಇದ್ರಲ್ಲಿ ಕಿಟಕಿ ಗಾಜು ಒರೆಸ್ತಾಳೆ. ನನ್ನ ಮಾವನೂ ನಂಗೆ ಇಂಥದ್ದೇ ಕುಡಿಸಿದ್ದ. ಥೂ ಅಂತ ಅವನ ಬೂಟಿನ ಮೇಲೇ ಉಗಿದೆ. ಆ ಸಂಜೆನೇ ಮದುವೆ ದಿನ ಗೊತ್ತು ಮಾಡ್ದ. ಈ ಕಸುಬಲ್ಲಿ ಉಗಿಯೋಕೆ ಬರ್ಬೇಕು. ಇಲ್ದಿದ್ರೆ ಕೆಟ್ಟಿದ್ದೊಂದನ್ನ ಬೆರೆಸಿ ಒಳ್ಳೇದನ್ನೆಲ್ಲ ಹಾಳು ಮಾಡ್ತಾರೆ."

"ನಂಗೂ ಗೊತ್ತಾಗಿತ್ತು ಸಾರ್" ಎಂದು ತಡವರಿಸಿದ ಲೀವೆನ್. "ನಿಮಗೆ ಬೇಜಾರಾಗ್ಬಾರ್ದು ಅಂತ..."

"ಅಯ್ಯೋ, ಎಂಥ ಒಳ್ಳೆ ಮನಸ್ಸು!" ಎಂದಳು ಹಿಲ್ಡೆ. ಮೊದಲು ನಗು ಬಂತು, ಆಮೇಲೆ ಸಣ್ಣಗೆ ಭಯವಾಯಿತು. "ಲೀವೆನ್, ನನ್ನನ್ನ ಕಂಡ್ರೆ ಪ್ರಾಣ ಅಂದಿದ್ಯಲ್ಲ. ಅದೂ ನಂಗೆ ಬೇಜಾರಾಗ್ಬಾರ್ದು ಅಂತಲೇನಾ?"

ಲೀವೆನ್ ಅಪ್ಪನ ಮುಖ ನೋಡಿದ, ಮಗಳ ಮುಖ ನೋಡಿದ. ಯಾವ ಉತ್ತರ ಕೊಟ್ಟರೆ ಇಬ್ಬರಿಗೂ ಹಿಡಿಸೀತು ಎಂದು ಲೆಕ್ಕ ಹಾಕಿದ. ಕೊನೆಗೆ ಖಾಲಿ ಗ್ಲಾಸನ್ನು ಓಡಿಲಾನನ ಮುಂದೆ ಚಾಚಿದ.

"ಇನ್ನೊಂಚೂರು ಹಾಕಿ. ಈ ಸಲ ಉಗೀತೀನಿ."