ಮುತ್ತಿಟ್ಟು ಮಾಸಿದ ಪಾದ

ದೊರೆಯ ಕಾಡಿನಲ್ಲಿ ಮೊಲ ಹಿಡಿದನೆಂದು ಕೋಟೆಯ ಅಗಸಗಿತ್ತಿಯ ಮಗನನ್ನು ನೇಣಿಗೆ ಹಾಕಿದ್ದರು. ಅವಳು ಕಾಲಿಗೆ ಬಿದ್ದು ಗೋಳಾಡಿದರೂ ದೊರೆ ಅವಳತ್ತ ಕಣ್ಣು ಹಾಯಿಸಿರಲಿಲ್ಲ. ಅದನ್ನು ಚಿತ್ರಕಾರ ಕಣ್ಣಾರೆ ಕಂಡಿದ್ದ.

ಈಗ ಅವನ ಸರದಿ. ದೊರೆಯ ಪ್ರಾರ್ಥನೆ ಪುಸ್ತಕಕ್ಕೆ ಚಿತ್ರ ಬರೆದವನು ಅವನೇ. ಅದರಲ್ಲಿ ಸೈತಾನನಿಗೆ ದೊರೆಯ ಮುಖ ಇಟ್ಟಿದ್ದಾನೆಂದು ಯಾರೋ ಚಾಡಿ ಹೇಳಿದ್ದರು.

"ಬಲಗೈ ಮೇಜಿನ ಮೇಲಿಡು," ದೊರೆ ಚಾಕು ಹಿರಿದ. "ಒಂದು ದೆವ್ವಕ್ಕೆ ನನ್ನ ಮೂಗಿದ್ದರೂ ನಿನ್ನ ಬೆರಳು ಉಳಿಯಲ್ಲ."

"ನೋಡಿ, ಒಡೆಯಾ."

ದೊರೆ ನರಕದ ಹಾಳೆ ತಿರುವಿದ. ಕೋಡು, ಬಾಲ, ಕೋರೆಹಲ್ಲು. ಯಾವ ಮುಖವೂ ತನ್ನದಲ್ಲ. ಕೊನೆಗೆ ಚಿನ್ನದ ಲೇಪದ ಹಾಳೆ ಬಂತು. ಅದರಲ್ಲಿ ಮಾತೆ ಮರಿಯಮ್ಮನ ಮುಂದೆ ದೊರೆ ಮಂಡಿಯೂರಿದ್ದ. ದಿನಾ ಬೆಳಿಗ್ಗೆ ಅವನು ಮುತ್ತಿಟ್ಟು ಮುತ್ತಿಟ್ಟು ಅವಳ ಪಾದದ ಬಣ್ಣ ಮಾಸಿತ್ತು. ಚಿತ್ರಕಾರನ ಬೆನ್ನಲ್ಲಿ ಬೆವರಿಳಿಯಿತು.

"ನಾನಿರೋದು ಇಲ್ಲೊಂದೇ ಕಡೆ!" ದೊರೆ ನಕ್ಕ. "ಬದುಕಿಕೊಂಡೆ, ಹೋಗು."

ಹೊರಗೆ ಒಗೆಯುವ ಕಲ್ಲಿನ ಬಳಿ ಅಗಸಗಿತ್ತಿ ಕಾಯುತ್ತಿದ್ದಳು.

"ನನ್ನ ಮುಖದ ಗುರುತು ಹಿಡಿದನಾ?"

"ಇಲ್ಲಕ್ಕ. ನಾಳೆ ಬೆಳಿಗ್ಗೆಯೂ ಅವನು ಮುತ್ತಿಡೋದು ನಿನ್ನ ಕಾಲಿಗೇ."