ಬೂದಿಮಣ್ಣಿನ ದಿಬ್ಬ

"ಒಂದು ಬೋಕಿನೂ ಬುಟ್ಟಿಲ್ಲ, ಮೇಡಮ್ಮೋರೆ. ಎಲ್ಲ ಆರ್ಸಿ, ತೊಳ್ದು ಮಡ್ಗಿವ್ನಿ," ಎನ್ನುತ್ತಾ ಹುಚ್ಚೀರಯ್ಯ ಪುರಾತತ್ವ ಸಂಶೋಧಕಿ ಚೈತನ್ಯಾಳ ಮುಂದೆ ಗೊಬ್ಬರದ ಚೀಲ ಸುರಿದ. ಹಳೇ ಮಡಕೆ ಚೂರುಗಳು ಉರುಳಿದವು. ಹೋದ ಸಲ ಆಕೆ ಬಂದಾಗ ಅವನ ಹೊಲದಲ್ಲಿದ್ದ ಹಾಳೂರಿನ ದಿಬ್ಬ ಈಗ ಇರಲಿಲ್ಲ. ಮಣ್ಣೆಲ್ಲ ಕಬ್ಬಿನ ಗದ್ದೆ ಸೇರಿತ್ತು.

ಆ ದಿಬ್ಬವನ್ನು ಪದರ ಪದರವಾಗಿ ಅಗೆದು, ಹೊಯ್ಸಳರ ಕಾಲದ ಊರೊಂದು ಅಲ್ಲಿ ಎಷ್ಟು ತಲೆಮಾರು ಬಾಳಿತೆಂದು ಆಕೆ ತಿಳಿಯಬೇಕಿತ್ತು. "ಇದು ನೂರಾರು ವರ್ಷದ ಒಲೆ ಬೂದಿ, ಕೊಟ್ಟಿಗೆ ಗೊಬ್ಬರ. ಇಂಥ ಫಲವತ್ತಾದ ಮಣ್ಣು ಸುತ್ತಮುತ್ತ ಎಲ್ಲೂ ಇಲ್ಲ," ಎಂದು ಅಂದು ಉತ್ಸಾಹದಲ್ಲಿ ಅವನಿಗೆ ಹೇಳಿದವಳೂ ಆಕೆಯೇ.

ಮಡಕೆಯ ತಳದ ಒಂದು ಚೂರನ್ನು ಎತ್ತಿಕೊಂಡಳು. ಅಡುಗೆಯ ಮಸಿಯೂ ಉಳಿಯದಂತೆ ಉಜ್ಜಿದ್ದ. ಯಾವ ಚೂರು ಯಾವ ಪದರದ್ದೆಂದು ಇನ್ನು ಯಾರೂ ಹೇಳಲಾರರು. ಬಯ್ಯಬೇಕೆಂದರೆ ತನ್ನ ನಾಲಿಗೆಯನ್ನೇ ಬಯ್ದುಕೊಳ್ಳಬೇಕಿತ್ತು.

"ಕಬ್ಬು ಎಂಗೆ ಎದ್ದೈತೆ ನೋಡಿ. ನಿಮ್ಮ ಮಾತು ಸುಳ್ಳಾಗ್ನಿಲ್ಲ," ಎಂದು ಹುಚ್ಚೀರಯ್ಯ ನಕ್ಕ. "ಕಿರುಗಾವಲಿನ ನಮ್ಮ ಬೀಗರೂ ಕೇಳ್ತಾವ್ರೆ. ಇಂಥ ದಿಬ್ಬ ಇನ್ನೆಲ್ಲಾದ್ರೂ ಐತಾ?"

ಕಾಲುವೆಯಾಚೆಯ ಇನ್ನೊಂದು ದಿಬ್ಬದತ್ತ ಹೊರಳುತ್ತಿದ್ದ ಕಣ್ಣನ್ನು ಆಕೆ ತಟ್ಟನೆ ಕೆಳಗಿಳಿಸಿದಳು.

"ಇಲ್ಲ," ಎಂದಳು, ಚೂರನ್ನು ಸೆರಗಿನಲ್ಲಿ ಒರೆಸುತ್ತಾ. ಒರೆಸಲು ಅದರಲ್ಲಿ ಏನೂ ಉಳಿದಿರಲಿಲ್ಲ.