ಒದ್ದೆ ಗೋಡೆ

ಏಳನೆಯ ಚೊಂಬು ನೀರನ್ನೂ ಅವಳು ಗೋಡೆಗೇ ಸುರಿದಳು. ಮೂರು ದಿನದಿಂದ ಇದೇ ಕೆಲಸ. ಹೊಲಿಗೆ ಯಂತ್ರದ ಹಿಂದಿನ ಆ ಗೋಡೆ ನೋಡಿದವರಿಗೆ ಅಳು ಬರುವಂತಿತ್ತು. ಅವಳಿಗೆ ಮಾತ್ರ ನಗು ಬಂತು.

ಹನ್ನೊಂದಕ್ಕೆ ಬ್ಯಾಂಕಿನವರು ಮನೆಗೆ ಬೆಲೆ ಕಟ್ಟಲು ಬರುವವರಿದ್ದರು. ಗಂಡ ಹೆಂಡತಿ ಬೇರೆಯಾಗಿ ವರ್ಷವಾಗಿತ್ತು, ಮನೆ ಸಾಲ ಇನ್ನೂ ಇಬ್ಬರ ಹೆಸರಲ್ಲೇ ಇತ್ತು. ಕೊನೆಗೆ ವಕೀಲರ ಮುಂದೆ ಕರಾರಾಯಿತು. ಉಳಿದ ಸಾಲವನ್ನು ತಮ್ಮೊಬ್ಬರ ಹೆಸರಿಗೆ ಮಾಡಿಕೊಳ್ಳಲು ಬ್ಯಾಂಕಿನ ಒಪ್ಪಿಗೆ ಪತ್ರವನ್ನು ಯಾರು ಮೊದಲು ತರುತ್ತಾರೋ ಮನೆ ಅವರದು. ಕಟ್ಟಿದ ಬೆಲೆಯಲ್ಲಿ ಸಾಲ ಕಳೆದು ಉಳಿದದ್ದರ ಅರ್ಧ ಇನ್ನೊಬ್ಬರಿಗೆ. ಹಟ ಹಿಡಿದು ಹಾಗೆ ಬರೆಸಿದ್ದು ಅವಳೇ. ಅವಳ ಪತ್ರ ಸೋಮವಾರ ಕೈಗೆ ಬರಲಿತ್ತು; ಬೆಲೆ ಇಳಿದಷ್ಟೂ ಅವನಿಗೆ ಕೊಡಬೇಕಾದ ಪಾಲೂ ಇಳಿಯುತ್ತಿತ್ತು. ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ ಬಿದ್ದುಕೊಂಡ ನಲ್ಲಿ ರಿಪೇರಿಯ ಗಂಡನಿಗೆ ಯಾವ ಬ್ಯಾಂಕು ಪತ್ರ ಕೊಟ್ಟೀತು? ಅವನಿಗೆ ಯಾವುದೋ ಆಸ್ಪತ್ರೆ ಕಟ್ಟಡದ ನಲ್ಲಿ ಕೆಲಸದ ಗುತ್ತಿಗೆ ಸಿಕ್ಕಿದೆಯಂತೆ ಎಂದು ಅವಳ ಗಿರಾಕಿಯೊಬ್ಬಳು ಹೇಳಿದ್ದಳು. ಅವನ ಬಡಾಯಿ ಅವಳಿಗೆ ಹೊಸದೇ?

ಅವನು ಬಂದ. ಬಗಲಲ್ಲಿ ಫೈಲು. ಹದಿನಾಲ್ಕು ವರ್ಷ ಬೈದರೂ ಬಿಚ್ಚದಿದ್ದ ಬೂಟನ್ನು ಇವತ್ತು ಬಾಗಿಲಲ್ಲೇ ಬಿಚ್ಚಿಟ್ಟ.

"ಏನ್ರೀ, ಈಗ ಬುದ್ಧಿ ಬಂತಾ?"

"ನೆಲ ಹಾಳಾಗುತ್ತಲ್ಲ."

"ಹಾಳಾದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಅವನು ಬಗಲಿನ ಫೈಲನ್ನು ಇನ್ನಷ್ಟು ಒತ್ತಿಕೊಂಡು ಒಳಗೆ ಬಂದ.

ಬೆಲೆ ಕಟ್ಟುವ ಸಾಹೇಬರು ಬಂದವರೇ ಗೋಡೆಯನ್ನು ಬೆರಳಿನಿಂದ ಒತ್ತಿ ನೋಡಿದರು.

"ಇಷ್ಟು ಒದ್ದೆ ಇದ್ರೆ ಉಪ್ಪು ಒಸರಿ ಬಣ್ಣ ಏಳ್ಬೇಕಿತ್ತಲ್ಲಮ್ಮ. ಎಷ್ಟು ದಿನದಿಂದ ಹೀಗಿದೆ?"

ಗಂಡ ಗೋಡೆಯನ್ನು ಸವರಿದ. ಬೆರಳು ಮೂಸಿದ. ಅವನ ಕಣ್ಣು ಮೆಲ್ಲಗೆ ಯಂತ್ರದ ಕೆಳಗೆ ಬಚ್ಚಿಟ್ಟ ಚೊಂಬಿನತ್ತ ಹೋಯಿತು. ಇಪ್ಪತ್ತು ವರ್ಷ ನೀರಿನ ಜೊತೆಗೇ ಬಾಳಿದವನು, ಇವನಿಗೆ ತಿಳಿಯದ್ದೇನಿದೆ? ಮಾನ ಹೋಯಿತು ಎಂದುಕೊಂಡಳು.

"ಉಪ್ಪನ್ನ ನಾನೇ ಕೆರೆದು ಬಣ್ಣ ಹಚ್ಚಿದ್ದೆ ಸರ್," ಅಂದ ಅವನು. "ಒಳಗಿನ ಪೈಪು ಪೂರ್ತಿ ಹೋಗಿದೆ. ಗೋಡೆ ಒಡೀಬೇಕು. ಬಚ್ಚಲ ಕಡೆಗೂ ಇಳಿದಿರುತ್ತೆ, ಅದನ್ನೂ ಬರ್ಕೊಳ್ಳಿ."

ಸಾಹೇಬರು ಬರೆದುಕೊಂಡರು. ಬೆಲೆ ಕಾಲು ಭಾಗ ಇಳಿಯಿತು. ಇಬ್ಬರೂ ರುಜು ಹಾಕಿದರು.

ಸಾಹೇಬರ ಕಾರು ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಳು. ವರ್ಷವಿಡೀ ಕುದಿಸಿಟ್ಟುಕೊಂಡಿದ್ದ ಸಿಟ್ಟು ಯಾಕೋ ಆರುತ್ತಾ ಬಂತು. ತನ್ನ ಪಾಲಿಗೇ ಕತ್ತರಿ ಹಾಕಿಕೊಂಡು ಅವಳ ಮಾನ ಉಳಿಸಿದನಲ್ಲ.

"ಕಾಫಿ ಕುಡೀತೀರಾ?"

"ಕುಡಿಯೋಣ," ಎಂದು ಅವನು ಫೈಲು ಬಿಚ್ಚಿ ಒಂದು ಹಾಳೆಯನ್ನು ಯಂತ್ರದ ಮೇಲಿಟ್ಟ. ಬ್ಯಾಂಕಿನ ಒಪ್ಪಿಗೆ ಪತ್ರ. ನಿನ್ನೆಯ ತಾರೀಖು, ಅವನೊಬ್ಬನ ಹೆಸರು.

ಆಮೇಲೆ ಬಗ್ಗಿ ಚೊಂಬನ್ನು ಹೊರಗೆಳೆದು ಅವಳ ಕೈಗೆ ಕೊಟ್ಟ.

"ಇನ್ಮೇಲೆ ನೀರು ಸುರೀಬೇಡ. ಅದು ನನ್ನ ಗೋಡೆ."